ಸೋತವನ ಟೇಬಲ್ಲು

ಸೋಮವಾರ ಬೆಳಿಗ್ಗೆ ಬಟ್ಟೆ ನೆನೆಸುತ್ತಿದ್ದ ನನ್ನ ಹೆಂಡತಿ, ನನ್ನ ಬಿಳಿ ಅಂಗಿಯ ಜೇಬಿನಿಂದ ಹೆಬ್ಬೆರಳ ಗಾತ್ರದ ನೀಲಿ ಚೌಕವೊಂದನ್ನು ಹೊರತೆಗೆದು, "ಏನ್ರಿ, ಕಾಲೇಜಿನ್ಯಾಗ ಈಗ ನೀಲಿ ಚಾಕ್‌ಪೀಸು ಕೊಡಾಕ ಹತ್ಯಾರೇನು?" ಎಂದು ಕೇಳಿದಳು. ಅಷ್ಟರಲ್ಲಾಗಲೇ ಅಂಗಿ ನೀರು ಕುಡಿದು ಜೇಬಿನ ಮೂಲೆಯಲ್ಲಿ ನೀಲಿ ಹರಡಿತ್ತು. ಅದು ಪಾಠದ ಚಾಕ್ ಅಲ್ಲ, ಪೂಲ್ ಆಟದ ಚಾಕ್. ಹೊಡೆಯುವ ಮುನ್ನ ಕೋಲಿನ ತುದಿಗೆ ಅದನ್ನು ತಿಕ್ಕದಿದ್ದರೆ ತುದಿ ಜಾರಿ ಚೆಂಡು ಎತ್ತಲೋ ಓಡುತ್ತದೆ. ನಾನು ಕೊಂಡು ವಾರವೂ ಆಗಿರದ ಆ ತುಂಡು ಎಲ್ಲೂ ಸವೆಯದೆ, ಅಂಗಡಿಯಿಂದ ತಂದಂತೆಯೇ ಇತ್ತು. ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಯಾಕೆ ಅಷ್ಟೊಂದು ನಾಚಿಕೆಯಾಯಿತು ಎಂಬುದನ್ನು ನಿಮಗೆ ಹೇಳಲೇಬೇಕು.

ಬಾಗಲಕೋಟೆಯ ನವನಗರದಲ್ಲಿ ಎರಡು ಟೇಬಲ್ಲುಗಳ ಪೂಲ್ ಹಾಲ್ ಒಂದಿದೆ. ಕಾಲೇಜಿನಲ್ಲಿ ಇತಿಹಾಸ ಹೇಳುವ ನಾನು, ಬಾದಾಮಿಯಲ್ಲಿ ಪ್ರವಾಸಿಗರಿಗೆ ಗುಹೆ ತೋರಿಸುವ ನನ್ನ ಸಹಪಾಠಿ ಈರಣ್ಣ, ಇಬ್ಬರೂ ತಿಂಗಳಿಗೆ ಎರಡು ಭಾನುವಾರವಾದರೂ ಮಧ್ಯಾಹ್ನ ಅಲ್ಲಿ ಸೇರುತ್ತೇವೆ. ಅವನು ರೈಲಿನಲ್ಲಿ ಬರುತ್ತಾನೆ. ನಾನು ಊಟ ಮುಗಿಸಿ, ನಿದ್ದೆಗೆ ಕೈಮುಗಿದು ಹೊರಡುತ್ತೇನೆ. ಆಟದಲ್ಲಿ ನಾವಿಬ್ಬರೂ ಒಂದೇ ತಕ್ಕಡಿಯವರು, ಅಂದರೆ ಇಬ್ಬರೂ ಅಷ್ಟಕ್ಕಷ್ಟೇ.

ಆಟಕ್ಕಿಂತ ನನ್ನ ಕುತೂಹಲವನ್ನು ಹಿಡಿದು ಕೂರಿಸಿದ್ದು ಆ ಹಾಲಿನ ಕಟ್ಟಳೆ. ಸೋತವನು ಟೇಬಲ್ ಕೊಡಬೇಕು, ಅಂದರೆ ಬಾಡಿಗೆ ಅವನದು. ಗೆದ್ದವನು ಹಣ ಕಟ್ಟುವ ಮೇಜಿನ ಹತ್ತಿರವೂ ಸುಳಿಯಕೂಡದು. ಅವನ ಕೆಲಸ ಚದುರಿದ ಚೆಂಡುಗಳನ್ನು ಹೆಕ್ಕಿ ಮತ್ತೆ ತ್ರಿಕೋನದಲ್ಲಿ ಜೋಡಿಸುವುದು. ನಡುವೆ ಎದ್ದು ಹೋಗುವವನು ತನ್ನ ಪಾಲು ಇಟ್ಟು ಹೋಗಬೇಕು. ನೋಡುತ್ತ ಕೂತವನು ಏನೂ ಕೊಡಬೇಕಿಲ್ಲ, ಆದರೆ ಬುದ್ಧಿವಾದವನ್ನೂ ಕೊಡಕೂಡದು. ಜೊತೆಗಾರ ಸಿಗದೆ ಒಬ್ಬನೇ ಕೈ ಪಳಗಿಸಲು ಬಂದವನ ಟೇಬಲ್ಲು ಅವನದೇ, ಬಾಡಿಗೆಯನ್ನೂ ಅವನೇ ಕೊಡಬೇಕು. ಇದನ್ನು ಯಾರೂ ಗೋಡೆಯ ಮೇಲೆ ಬರೆದಿಲ್ಲ, ಯಾರೂ ಮುರಿದದ್ದನ್ನೂ ನಾನು ಕಂಡಿಲ್ಲ.

ನಮ್ಮ ಕಡೆಯ ಚಹಾದಂಗಡಿಯನ್ನು ಬಲ್ಲವರಿಗೆ ಇದರ ಸೋಜಿಗ ತಿಳಿದೀತು. ಅಲ್ಲಿ ಎರಡು ಚಹಾದ ಹಣಕ್ಕೆ ಎರಡು ಜನ ಕುಸ್ತಿ ಹಿಡಿಯುತ್ತಾರೆ, ಒಬ್ಬ ಇನ್ನೊಬ್ಬನ ಕೈ ಹಿಡಿದೆಳೆದು, ನೋಟನ್ನು ತಿರುಗಿ ಅವನದೇ ಕಿಸೆಗೆ ತುರುಕಿ, "ನಮ್ಮ ಊರಿಗೆ ಬಂದು ನೀವು ಕೊಡೂದಂದ್ರೇನ್ರಿ!" ಎಂದು ಗದರುತ್ತಾನೆ. ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಕದ್ದು ಹಣ ಕೊಟ್ಟು ಬರುವ ಚತುರರೂ ಇದ್ದಾರೆ. ಪ್ರೀತಿಯೇನೋ ನಿಜ, ಆದರೆ ಆ ಪ್ರೀತಿಯಲ್ಲಿ ಕೊಟ್ಟವನ ಕೈ ತುಸು ಮೇಲೇ ಇರುತ್ತದಲ್ಲವೆ? ಪೂಲ್ ಹಾಲಿನಲ್ಲಿ ಔದಾರ್ಯಕ್ಕೆ ಜಾಗವೇ ಇಲ್ಲ. ಪ್ರಾಧ್ಯಾಪಕನೂ ಗೈಡೂ ಅಲ್ಲಿ ಸರಿಸಮ, ಯಾಕೆಂದರೆ ಕೊಡುವವರು ಯಾರೆಂದು ಚೆಂಡು ತೀರ್ಮಾನಿಸುತ್ತದೆ. ಇಷ್ಟು ಚೆಂದದ ಏರ್ಪಾಡನ್ನು, ಅದರ ಮೇಲೆ ಇಷ್ಟೆಲ್ಲ ಯೋಚಿಸಿದ್ದ ನಾನೇ ಹೋಗಿ ಕೆಡಿಸಿದೆ.

ಬೇಸಿಗೆಯಲ್ಲಿ ಬಾದಾಮಿಯ ಕೆಂಪು ಬಂಡೆ ಕಾದ ಹಂಚು. ಮೆಟ್ಟಿಲು ಹತ್ತುವ ಪ್ರವಾಸಿಗರು ವಿರಳ, ಬಂದವರಿಗೂ ಬೇಗ ನೆರಳು ಸೇರಿದರೆ ಸಾಕು. ಮೂರು ಆಟಕ್ಕಿಂತ ಕಡಿಮೆ ಆಡದ ಈರಣ್ಣ ಈ ಸಲ ಬಂದೊಡನೆ, "ಒಂದ ಗೇಮ್ ಸಾಕೋ, ಬಿಸಲಿಗೆ ಕಣ್ಣು ಉರಿಯಾಕ ಹತ್ಯಾವು" ಎಂದ. ಉರಿಯುತ್ತಿದ್ದದ್ದು ಕಣ್ಣಲ್ಲ, ಕಿಸೆ ಹಗುರಾಗಿದೆ ಎಂದು ನಾನು ಅರ್ಥಮಾಡಿಕೊಂಡೆ. ಹಾಗಾದರೆ ಸೋತುಬಿಡೋಣ ಎಂದು ನಿಶ್ಚಯಿಸಿದೆ. ಸುಲಭದ ಚೆಂಡುಗಳನ್ನು ತಪ್ಪಿಸಿದೆ, ಬೀಳಲೇಬಾರದ ಬಿಳಿ ಚೆಂಡನ್ನೇ ಎರಡು ಸಲ ಗುಂಡಿಗೆ ಕೆಡವಿ "ಅಯ್ಯೋ" ಎಂದು ಹಣೆ ಹೊಡೆದುಕೊಂಡೆ. ನಟನೆ ಸೊಗಸಾಗಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ ಕೂಡ.

ಆಟ ಮುಗಿಯಿತು, ಈರಣ್ಣ ಗೆದ್ದ. ನಾನು ಹಣ ಕೊಡಲು ಹೊರಟರೆ, ಗೆದ್ದವನೇ ನನಗಿಂತ ಮುಂದೆ ಹೋಗಿ ಮೇಜಿನ ಮೇಲೆ ನೋಟು ಇಟ್ಟ. ಹಾಲ್ ನಡೆಸುವ ರಫೀಕಸಾಬರು ಗಾಬರಿಯಾಗಿ, "ಯಾಕ್ರಿ ಈರಣ್ಣಾರ, ಗೆದ್ದವ್ರು ನೀವಲ್ರಿ?" ಎಂದರು.

"ಇವತ್ತ ನಾ ಒಬ್ಬಾವನ ಆಡೇನ್ರಿ ಸಾಬ್ರ. ಒಬ್ಬಾವನ ಆಡಿದ್ರ ಟೇಬಲ್ ಅವಂದ ಅಲ್ರಿ?" ಎಂದ ಈರಣ್ಣ, ನನ್ನತ್ತ ತಿರುಗಿ ಮೆಲ್ಲಗೆ ಸೇರಿಸಿದ: "ಚಾಕ್ ಹಚ್ಚದ ನೀ ಎಂದಾದ್ರೂ ಕೋಲು ಹಿಡದೀ ಏನಲೇ? ಇವತ್ತ ಒಂದ ಸಲಾನೂ ಹಚ್ಚಲಿಲ್ಲ."

ಸೋಲುವುದರಲ್ಲೇ ಮಗ್ನನಾಗಿ ಆಡುವವನ ಮೊದಲ ಅಭ್ಯಾಸವನ್ನೇ ಮರೆತಿದ್ದೆ. ಕಲ್ಲಿನಲ್ಲಿ ಕೆತ್ತಿದ ಬೆರಳಿನ ಬಾಗನ್ನೂ ಗುರುತಿಸಿ ತೋರಿಸುವವನ ಕಣ್ಣಿಗೆ ಮಣ್ಣೆರಚಲು ಹೋಗಿದ್ದೆನಲ್ಲ! ಅವನು ರೈಲಿಗೆ ಹೊರಟ. ಹೋಗಿ ಬರುತ್ತೇನೆ ಎಂದೂ ಹೇಳಲಿಲ್ಲ.

ಅದರ ಮಾರನೆಯ ದಿನವೇ ಹೆಂಡತಿ ಆ ಸವೆಯದ ಚಾಕ್ ಕೈಗಿಟ್ಟದ್ದು. ಆಮೇಲೆ ಮೂರು ಭಾನುವಾರ ಈರಣ್ಣ ಬರಲಿಲ್ಲ, ಫೋನೂ ಎತ್ತಲಿಲ್ಲ. ಮೂವತ್ತು ವರ್ಷದ ಗೆಳೆತನ ಒಂದು ಟೇಬಲ್ಲಿನ ಬಾಡಿಗೆಗೆ ಹೋಯಿತೇ ಎಂದು ನಾನು ಒದ್ದಾಡಿದೆ. ಅವನಿಗೆ ನೆರವು ಬೇಕಿದ್ದರೆ ಬಾಯಿಬಿಟ್ಟು ಕೇಳುವಷ್ಟು ಸಲುಗೆ ನಮ್ಮಲ್ಲಿತ್ತು. ಕೇಳದವನಿಗೆ, ಅವನು ಸಮನಾಗಿ ನಿಲ್ಲುತ್ತಿದ್ದ ಒಂದೇ ಒಂದು ಜಾಗದಲ್ಲಿ, ನಾನು ದಾನ ಕೊಡಲು ಹೋಗಿದ್ದೆ. ಮಾಡಿದ್ದು ತಪ್ಪು.

ನಾಲ್ಕನೆಯ ಭಾನುವಾರ ಬೆಳಗಿನ ರೈಲು ಹಿಡಿದು ಬಾದಾಮಿಗೆ ಹೋದೆ. ಗುಹೆಯ ಮೆಟ್ಟಿಲುಗಳ ಬುಡದಲ್ಲಿ, ನೆರಳಿನಲ್ಲಿ, ಈರಣ್ಣ ಗಿರಾಕಿಗಳಿಲ್ಲದೆ ಕೂತಿದ್ದ. ಚಾಕ್ ತೆಗೆದು ಅವನ ಅಂಗೈಯಲ್ಲಿಟ್ಟು, "ತಪ್ಪಾತೋ ಈರಣ್ಣ. ಇದನ್ನ ಸವಸಬೇಕಾಗೇತಿ, ಬಾ" ಎಂದೆ.

ಅವನು ಹೆಬ್ಬೆರಳಿನಿಂದ ಅದರ ನಯವಾದ ಮೈ ಸವರಿ ನೋಡಿದ. ನಕ್ಕ. "ಬರ್ತೇನಿ. ಆದ್ರ ಒಂದ ಗೇಮ್. ಸೋತ್ರ ನಾ ಕೊಡ್ತೇನಿ. ನೀ ಕಿಸೆಕ ಕೈ ಹಾಕಿದಿ ಅಂದ್ರ ಕೋಲು ಮುರೀತೇನಿ ನೋಡು" ಎಂದು ಚಾಕ್ ತಿರುಗಿ ಕೊಟ್ಟ.

ಮುಂದಿನ ಭಾನುವಾರ ನಾನು ಜಿದ್ದಿಗೆ ಬಿದ್ದು ಆಡಿದೆ. ಪ್ರತಿ ಹೊಡೆತಕ್ಕೂ ಚಾಕ್ ತಿಕ್ಕಿದೆ, ಪುಡಿ ಉದುರಿ ಬೆರಳೆಲ್ಲ ನೀಲಿ. ಅವನೂ ಬಿಡಲಿಲ್ಲ, ಕೊನೆಗೆ ಕರಿಚೆಂಡು ಒಂದೇ ಉಳಿದು, ಅದನ್ನು ನಾನು ಕೆಡವಿ ಗೆದ್ದೆ. ಈರಣ್ಣ ಕೋಲು ಒರಗಿಸಿ ಹಣ ಕಟ್ಟಲು ಹೋದ. ಮಡಿಚಿಟ್ಟ ನೋಟುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು; ಚಾಕ್ ತಾಗಿತು; ಕೈ ಹೊರತೆಗೆದೆ. ಆ ಹೊತ್ತಿನಲ್ಲಿ ಚೆಂಡು ಜೋಡಿಸುತ್ತ ನಿಲ್ಲುವುದು, ಕರಿಚೆಂಡು ಕೆಡವುವುದಕ್ಕಿಂತ ಕಷ್ಟವಾಗಿತ್ತು.

ಹಣ ಕೊಟ್ಟು ಬಂದವನು ಬೆನ್ನಿಗೊಂದು ಗುದ್ದಿ, "ಈಗ ಆಟ ಆತು ನೋಡಲೇ" ಎಂದ.

ಸೋಮವಾರ ಹೆಂಡತಿ ಮತ್ತೆ ಜೇಬಿಗೆ ಕೈ ಹಾಕಿದಳು. ಈ ಸಲ ಚಾಕಿನ ನಡುವೆ ಕಿರುಬೆರಳ ತುದಿ ಕೂರುವಷ್ಟು ಕುಳಿ ಬಿದ್ದಿತ್ತು. "ಈ ಅಂಗೀನೂ ಹೋತ್ರಿ" ಎಂದು ಸೋಪು ಹುಡುಕತೊಡಗಿದಳು.

"ತಿಕ್ಕಬ್ಯಾಡ, ಇರ್ಲಿ ಬಿಡು" ಎಂದೆ.