ಗ್ಯಾರೇಜಿನ ಫ್ರಿಜ್ಜು

ಹೊರದೇಶದ ಟಾರ್ನೀಟ್‌ನಲ್ಲಿ ನೆಲೆಸಿರುವ ಧಾರವಾಡದ ಕುಟುಂಬವೊಂದರ ಹುಡುಗಿಗೆ ಶನಿವಾರ ಹಿಸ್ಟರಿ ಟ್ಯೂಷನ್ ಹೇಳಿಕೊಡುತ್ತೇನೆ. ಆ ವಾರದ ಪಾಠ, ಮೊದಲ ಮಹಾಯುದ್ಧದ ನಂತರ ಅಮೆರಿಕದಲ್ಲಿ ಬಂದ ಪಾನನಿಷೇಧ. ಊರಿಂದ ಬಂದಿದ್ದ ಅಜ್ಜಿ ಪಕ್ಕದಲ್ಲೇ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದರು. ಅವರು ಬಂದಾಗಿನಿಂದ ಆ ಮನೆಯಲ್ಲಿ ಮೊಟ್ಟೆ, ಕೋಳಿ ಎಲ್ಲ ಬಂದ್.

"ಸರ್ಕಾರ ಬಾರ್‌ಗಳನ್ನು ಮುಚ್ಚಿಸಿತು. ಜನ ಕುಡಿಯೋದು ಬಿಟ್ಟರಾ?" ಅಂತ ಕೇಳಿದೆ.

"ನೋ ಸರ್, ಬಚ್ಚಿಟ್ಕೊಂಡ್ರು," ಅಂದಳು ಹುಡುಗಿ. "ಲೈಕ್ ಅಪ್ಪಾಸ್ ಚಿಕನ್ ಇನ್ ದ ಗ್ಯಾರೇಜ್ ಫ್ರಿಜ್."

ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ಅವಳಪ್ಪನ ಕೈ ಅಲ್ಲೇ ನಿಂತಿತು. ನಾನು ಗಡಿಬಿಡಿಯಲ್ಲಿ ಷೇರುಪೇಟೆಯ ಕುಸಿತಕ್ಕೆ ಹಾರಿದೆ. ನಡುವೆ ಬರಬೇಕಿದ್ದ ಅಮೆರಿಕದ ಪ್ರಗತಿಯ ಪಾಠವೆಲ್ಲ, ಕಾರು, ರೇಡಿಯೋ ಸಮೇತ, ಬಿಟ್ಟುಹೋಯಿತು.

ಅಜ್ಜಿ ಬಿಡಲಿಲ್ಲ. "ತಡೀರಿ ಸರ. ಆ ಕಾಯ್ದೆ ಕಡೀಕೆ ಏನಾತು?"

"ಸರ್ಕಾರವೇ ವಾಪಸ್ ತಗೊಂಡಿತು ಅಜ್ಜಿ."

"ಮಂದಿ ಕದ್ದು ಕುಡಿಯೂದು ಪೊಲೀಸರಿಗೆ ಗೊತ್ತಿರಲಿಲ್ಲೇನು?"

"ಗೊತ್ತಿತ್ತು. ಎಷ್ಟೋ ಜನ ನೋಡಿಯೂ ನೋಡದ ಹಾಗೆ ಇದ್ದರು."

ಅಜ್ಜಿ ತಲೆಯಾಡಿಸಿ, ಸೊಪ್ಪು ಕೆಳಗಿಟ್ಟು, ಮಗನ ಕಡೆ ತಿರುಗಿದರು. "ಆ ಫ್ರಿಜ್ಜಿನ ಬಾಗಲಾ ನೀ ಸರಿ ಹಾಕಂಗಿಲ್ಲೋ. ದಿನಾ ಮುಂಜಾನೆ ನಾನ ಹೋಗಿ ಒತ್ತಿ ಬರತೇನಿ."

ಅವಳಪ್ಪ ಮತ್ತೆ ಚಹಾ ಸೋಸತೊಡಗಿದರು. ನನಗೆ ಆ ದಿನ ಚಹಾದ ಜೊತೆ ಎರಡು ಬಿಸ್ಕತ್ತು ಹೆಚ್ಚಿಗೆ ಬಂತು.

ಅಮೆರಿಕದಲ್ಲಿ ಕಾಯ್ದೆ ಎಂದೋ ರದ್ದಾಯಿತು. ಆ ಮನೆಯಲ್ಲಿ ಇನ್ನೂ ಜಾರಿಯಲ್ಲಿದೆ. ಫ್ರಿಜ್ಜಿನ ಬಾಗಿಲು ಮಾತ್ರ ಈಗ ಸರಿಯಾಗಿ ಮುಚ್ಚುತ್ತದಂತೆ.