ಕೂದಲಕ್ಕ ಬೇಕೆಂದೇ ಮಾಡಿದ ತಪ್ಪು

ಪಾರ್ಲರಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕೂದಲಕ್ಕ ಅಂತ. ಹಿಂದಿನವರು ಚೌರಿ ಎನ್ನುತ್ತಿದ್ದುದಕ್ಕೆ ಈಗ ಎಕ್ಸ್‌ಟೆನ್ಷನ್ ಎಂಬ ಹೆಸರು; ಹೆಸರು ಉದ್ದವಾದ ಮೇಲೆ ದರವೂ ಉದ್ದವಾಗಿದೆ. ತೆಳ್ಳಗಾದ ತಲೆಗೆ ಬೇರೆ ಕೂದಲು ಸೇರಿಸಿ, ಸೇರಿಸಿದ್ದು ದೇವರಿಗೂ ತಿಳಿಯದ ಹಾಗೆ ಮಾಡುವುದು ಅವಳ ಕೆಲಸ.

ಬಾಚಣಿಗೆಗೆ ನಿವೃತ್ತಿ ಕೊಟ್ಟ ನನ್ನಂಥವರು ಕಪ್ಪು ಎಂದರೆ ಒಂದೇ ಕಪ್ಪು ಅಂದುಕೊಂಡಿರುತ್ತೇವೆ. ಕೂದಲಕ್ಕನಿಗೆ ಹಾಗಲ್ಲ. ಗಿರಾಕಿ ಬಂದರೆ ಮೊದಲು ತಲೆ ತೊಳೆಸುತ್ತಾಳೆ; ಎಣ್ಣೆ ಹಚ್ಚಿದ ಕೂದಲು ತನ್ನ ಬಣ್ಣದ ಬಗ್ಗೆ ಸುಳ್ಳು ಹೇಳುತ್ತದೆ. ಆಮೇಲೆ ಟ್ಯೂಬ್‌ಲೈಟನ್ನು ನಂಬದೆ ಬಾಗಿಲ ಬಿಸಿಲಿಗೆ ಕರೆದೊಯ್ದು, ಬುಡ ಬಿಟ್ಟು ತುದಿಯ ಬಣ್ಣ ನೋಡುತ್ತಾಳೆ. ಬೆರೆಯಬೇಕಾದ್ದು ಅಲ್ಲೇ ತಾನೆ? ಕಡುಗಪ್ಪು, ಕಂದುಗಪ್ಪು, ಹಳೇ ಛತ್ರಿಯ ಹಾಗೆ ಬಿಸಿಲು ತಿಂದ ಕಪ್ಪು, ಮೂರನ್ನೂ ಎಳೆ ಎಳೆಯಾಗಿ ಬೆರೆಸಿ, ಮೇಲೆ ಗಿರಾಕಿಯ ಸ್ವಂತ ಕೂದಲನ್ನು ಹೊದಿಸುತ್ತಾಳೆ. ಕೊನೆಗೆ ಯಾವುದು ಹುಟ್ಟಿದ್ದು, ಯಾವುದು ಕೊಂಡದ್ದು ಎಂದು ಗಿರಾಕಿಗೇ ಗೊತ್ತಾಗುವುದಿಲ್ಲ.

ತೊಂದರೆ ಶುರುವಾದದ್ದೇ ಅಲ್ಲಿಂದ. ಪಕ್ಕದ ಕುರ್ಚಿಯ ಉಗುರಿನ ಹುಡುಗಿ ಒಬ್ಬರ ಬೆರಳಿಗೆ ಬಣ್ಣ ಹಚ್ಚಿದರೆ ಅವರ ಆಫೀಸಿನವರೆಲ್ಲ "ಎಲ್ರೀ ಮಾಡಿಸಿದ್ದು?" ಅಂತ ಕೇಳಿಕೊಂಡು ಬರುತ್ತಿದ್ದರು. ಕೂದಲಕ್ಕನ ಗಿರಾಕಿಗಳನ್ನು ಕೇಳುವವರೇ ಇಲ್ಲ. ಕೇಳಿದರೂ ಅವರು "ಹೊಸ ಎಣ್ಣೆ ಕಣೇ" ಎನ್ನುತ್ತಿದ್ದರು. ಅವಳಿಂದ ಎಣ್ಣೆ ವ್ಯಾಪಾರಿಗಳು ಉದ್ಧಾರವಾದರು. ರಸ್ತೆಯಲ್ಲಿ ಎದುರಾದರೆ ಅದೇ ಗಿರಾಕಿಗಳು ಅವಳ ಗುರುತೇ ಇಲ್ಲದವರ ಹಾಗೆ ಅಂಗಡಿ ಬೋರ್ಡು ಓದುತ್ತಾ ಹೋಗುತ್ತಿದ್ದರು.

ಕೊನೆಗೊಂದು ದಿನ ಪಾರ್ಲರಿನ ಒಡತಿ ಹೇಳಿಯೇಬಿಟ್ಟರು. "ನೋಡಮ್ಮಾ, ನಿನ್ನ ಕುರ್ಚಿ ಖಾಲಿ ಹೊಡೀತಾ ಇದೆ. ಈ ತಿಂಗಳೂ ಹೊಸಬರು ಬರ್ಲಿಲ್ಲ ಅಂದ್ರೆ ಅದನ್ನೂ ಉಗುರಿಗೇ ಕೊಟ್ಬಿಡ್ತೀನಿ. ಬೇಜಾರು ಮಾಡ್ಕೋಬೇಡ."

ಮನೆಯಲ್ಲಿ ಟೈಲರ್ ಗಂಡ ಸೂಜಿಗೆ ದಾರ ಪೋಣಿಸುತ್ತಾ ಕಾರಣ ಕಂಡುಹಿಡಿದ. "ನಿನ್ನ ಕೆಲಸ ಯಾರ ಕಣ್ಣಿಗೂ ಬೀಳಲ್ಲ, ಅದೇ ಮುಳುವಾಗಿದ್ದು. ನನ್ನ ನೋಡು, ಒಂದು ತೋಳು ಗಿಡ್ಡ ಹೊಲಿದ್ರೆ ಸಾಕು, ಊರೆಲ್ಲಾ ನನ್ನ ಹೆಸರು ಹೇಳತ್ತೆ."

"ಬೈಯೋಕೆ ಹೇಳ್ತಾರ್ರೀ."

"ಹೇಳ್ತಾರೋ ಇಲ್ವೋ?"

ಮಾತು ತಲೆಗೆ ಹೊಕ್ಕಿತು. ಹಳೆಯ ಗಿರಾಕಿ ವಕೀಲಮ್ಮ ಕೂದಲು ಹೊಸದಾಗಿ ಕೂಡಿಸಲು ಬಂದಾಗ, ಅವಳು ಬಲಗಿವಿಯ ಹಿಂದೆ ಒಂದು ಕೆಂಚು ಕುಚ್ಚು ಸೇರಿಸಿದಳು. ಕೈ ಒಪ್ಪಲಿಲ್ಲ, ಹೊಟ್ಟೆ ಒಪ್ಪಿಸಿತು. ಕೋರ್ಟಿನಲ್ಲಿ ಹಿಂದೆ ಕೂತವರು ಯಾರಾದರೂ ನೋಡಿ, ಯಾರು ಮಾಡಿದ್ದೆಂದು ಕೇಳಿ, ವಕೀಲಮ್ಮ ಸಿಟ್ಟಿನಲ್ಲಾದರೂ ಪಾರ್ಲರಿನ ಹೆಸರು ಹೇಳಲಿ ಎಂಬುದು ಲೆಕ್ಕ.

ವಾರ ಕಳೆಯುವುದರೊಳಗೆ ವಕೀಲಮ್ಮ ಬಾಗಿಲು ದೂಡಿಕೊಂಡು ಬಂದರು. "ಏನ್ರೀ ಮಾಡಿದ್ರಿ ನನ್ನ ಕೂದಲಿಗೆ?"

ಕೂದಲಕ್ಕ ಗಡಿಬಿಡಿಯಲ್ಲಿ ಕುರ್ಚಿ ತಿರುಗಿಸಿದಳು. "ತಪ್ಪಾಯ್ತು ಮೇಡಂ, ಕೂತ್ಕೊಳ್ಳಿ, ಈಗ್ಲೇ ತೆಗೆದ್ಬಿಡ್ತೀನಿ."

"ತೆಗೆದ್ರೆ ಕೇಸ್ ಹಾಕ್ತೀನಿ!" ವಕೀಲಮ್ಮ ದನಿ ತಗ್ಗಿಸಿದರು. "ನನ್ನ ನಾದಿನಿ ಇದಾಳಲ್ಲ, ಇವಳದ್ದು ಸ್ವಂತ ಕೂದಲೇ ಅಲ್ಲ ಅಂತ ಮನೆಮನೆಗೆ ಸಾರ್ತಾ ಇದ್ಲು. ಮೊನ್ನೆ ಈ ಕೆಂಚು ನೋಡಿ ಏನಂದ್ಲಂತೆ ಗೊತ್ತಾ? 'ಪಾಪ, ಸ್ವಂತದ್ದೇ. ದುಡ್ಡು ಕೊಟ್ಟು ಯಾರಾದ್ರೂ ಇಷ್ಟು ಕೆಟ್ಟದ್ದು ತಗೊಳ್ತಾರಾ?' ಅಂತ."

"ಹಾಗಾದ್ರೆ... ಎಲ್ಲಿ ಮಾಡಿಸಿದ್ದು ಅಂತ ಯಾರೂ ಕೇಳ್ಲಿಲ್ವಾ ಮೇಡಂ?"

"ಕೇಳಿದ್ರೆ ಹೇಳ್ತೀನಾ? ತಲೆಗಿಲೆ ಕೆಟ್ಟಿದ್ಯೇನ್ರೀ ನಿಮಗೆ?"

ಸರಿಯಾಗಿ ಮಾಡಿದರೆ ಗೊತ್ತಾಗುವುದಿಲ್ಲ, ತಪ್ಪು ಮಾಡಿದರೆ ಇನ್ನೂ ಗೊತ್ತಾಗುವುದಿಲ್ಲ. ವಕೀಲಮ್ಮ ಹೋದ ಮೇಲೆ ಕೂದಲಕ್ಕ ಬಣ್ಣದ ಕುಚ್ಚುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದಳು.

ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎಲ್ಲ ಕೇಳಿಸಿಕೊಂಡಿದ್ದ ಒಡತಿ, ಉಗುರಿನ ಹುಡುಗಿ ಊಟಕ್ಕೆ ಹೋದದ್ದೇ ತಡ, ಬಾಗಿಲಿಗೆ ಪರದೆ ಎಳೆದು ಕೂದಲಕ್ಕನ ಕುರ್ಚಿಯಲ್ಲಿ ಕುಳಿತರು. ನೆತ್ತಿಯ ಕೂದಲು ಬಿಡಿಸಿ, "ಇಲ್ಲಿ ಸ್ವಲ್ಪ ತೆಳ್ಳಗಾಗಿದೆ ನೋಡು" ಎಂದರು. ಸ್ವಲ್ಪ ಎಂಬುದು ಒಡತಿಯ ಮಾತು; ಕೂದಲಕ್ಕನಿಗೆ ಕಂಡದ್ದು ಮೈದಾನ.

"ನನಗೂ ಹಾಗೇ ಮಾಡು. ಒಂದು ಕೆಟ್ಟ ಕುಚ್ಚು ಇರ್ಲಿ. ಯಾರಿಗೂ ಬಾಯಿ ಬಿಡಬೇಡ."

"ಕುರ್ಚಿ, ಮೇಡಂ?"

"ಪ್ರತಿ ತಿಂಗಳೂ ನಾನೇ ಬಂದು ಕೂರಬೇಕಲ್ಲ. ಇಲ್ಲೇ ಇರು."

ಮರುದಿನ ಒಡತಿ ಬಂದವರಿಗೆಲ್ಲ ಹೇಳುತ್ತಿದ್ದರು: "ಗಿರಾಕಿ ಇಲ್ದಿದ್ರೂ ಅವಳನ್ನ ಇಟ್ಕೊಂಡಿದೀನಿ. ಏನ್ ಮಾಡ್ಲಿ, ನಂದು ಹೆಂಗರುಳು."

"ಅಕ್ಕಾ, ಮೇಡಂ ಎಷ್ಟು ಒಳ್ಳೆಯವರು ಅಲ್ವಾ?" ಎಂದು ಉಗುರಿನ ಹುಡುಗಿ ಕಣ್ಣರಳಿಸಿದಳು.

"ಹೌದು ಕಣೇ" ಎಂದಳು ಕೂದಲಕ್ಕ, ಬಾಗಿಲ ಬಿಸಿಲಿನಲ್ಲಿ ನಿಂತ ಒಡತಿಯ ಕಿವಿಯ ಹಿಂದೆ ಕೆಂಚು ಒಂದು ಚೂರು ಹೆಚ್ಚೇ ಆಯಿತೇನೋ ಎಂದು ನೋಡುತ್ತಾ.