ಅವ ಮಲಗಿದ

ಗೋಕಾಕದ ಗಿರಣಿ ಸಾಹೇಬನ ಹೆಂಡತಿ ಗಂಡನ ಜೊತೆ ಇಬ್ಬರೇ ಹಾಯಿದೋಣಿಯಲ್ಲಿ ಸಮುದ್ರ ದಾಟಿ ಬಂದವಳು. ಪ್ರಯಾಣ ಹೇಗಿತ್ತೆಂದು ಯಾರು ಕೇಳಿದರೂ ಜಡ್ಡುಗಟ್ಟಿದ ಅಂಗೈ ತೋರಿಸಿ, ಕಲಿತಷ್ಟು ಕನ್ನಡದಲ್ಲಿ ಒಂದೇ ಮಾತು ಹೇಳುತ್ತಿದ್ದಳು: “ನಾ ಚುಕ್ಕಾಣಿ ಹಿಡದೆ, ಅವ ಮಲಗಿದ.” ಬರೀ ಬಡಾಯಿ ಎಂದುಕೊಂಡಿದ್ದೆ.

ಒಮ್ಮೆ ಮದುವೆಯೊಂದಕ್ಕೆ ಹೊರಟು, ಗಿರಣಿಯಲ್ಲಿ ಕಾರಕೂನರಾಗಿದ್ದ ನಮ್ಮ ಮನೆಯವರೂ ನಾನೂ ದಡ್ಡಿ ಎಂಬ ಊರಿನ ಹತ್ತಿರ ಆ ಗಂಡ-ಹೆಂಡತಿಯೊಂದಿಗೆ ಹರಗೋಲು ಹತ್ತಿದೆವು. ಹೊಳೆಯಲ್ಲಿ ಸೆಳವಿತ್ತು. ಅವಳು ಅಂಬಿಗನ ಕೈಯಿಂದ ಹುಟ್ಟು ಇಸಕೊಂಡಳು. ಸಾಹೇಬ ಟೋಪಿಯನ್ನು ಮುಖದ ಮೇಲೆಳೆದುಕೊಂಡು ನಿದ್ದೆ ಹೋದ. ನಮ್ಮವರು ನನ್ನ ಮುಂಗೈ ಬಿಗಿಯಾಗಿ ಹಿಡಿದು, “ಸುಮ್ನ ಕುಂದ್ರು, ಏನೂ ಮುಟ್ಟಬ್ಯಾಡ” ಎಂದರು. ಆ ಟೋಪಿ ನೋಡಿದಷ್ಟೂ ನನ್ನ ಹೊಟ್ಟೆ ಉರಿಯಿತು.

ಮರಳುವಾಗ ಚಕ್ಕಡಿಯಲ್ಲಿ ನಮ್ಮವರನ್ನು ಕೇಳಿಯೇಬಿಟ್ಟೆ: “ಎತ್ತಿನ ಹಗ್ಗ ನನ್ನ ಕೈಯಾಗ ಕೊಡ್ರಿ. ನೀವು ಮಲಗ್ರಿ.”

ಹಗ್ಗ ಕೊಟ್ಟರು. ಊರು ಮುಟ್ಟುವ ತನಕ ಕಣ್ಣು ಮಾತ್ರ ಮುಚ್ಚಲಿಲ್ಲ.